ಯೂರಿಯಾ ಚೀಲದಲ್ಲಿ ಎಂಬತ್ತು ಗ್ರಾಂ



ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನ ಕಡೆ ಮುಂಗಾರು ಹಿಡಿದ ಮೇಲೆ ಕಟ್ಟೆಯ ಮೇಲಿನ ಮಾತು ಎರಡೇ. ಒಂದು ಮಳೆ, ಇನ್ನೊಂದು ಯೂರಿಯಾ. ಗೋವಿನಜೋಳ ಮೊಣಕಾಲೆತ್ತರ ಬಂದರೆ ಮೇಲುಗೊಬ್ಬರ ಬೀಳಬೇಕು. ತಡವಾದರೆ ಕೆಳಗಿನ ಎಲೆ ಹಳದಿಗೆ ತಿರುಗುತ್ತದೆ. ಗೊಬ್ಬರದ ಅಂಗಡಿಯ ಮುಂದೆ ಪಾಳಿ ಉದ್ದವಾಗುತ್ತದೆ. 2008ರ ಜೂನ್ ತಿಂಗಳಲ್ಲಿ ಹಾವೇರಿ ಪಟ್ಟಣದಲ್ಲಿ ಗೊಬ್ಬರ ಕೇಳಲು ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಯಿತು. ಇಬ್ಬರು ಜೀವ ಕಳೆದುಕೊಂಡರು. ಒಂದು ಚೀಲ ಗೊಬ್ಬರ ಎಂದರೆ ಏನೆಂದು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆ ಚೀಲದೊಳಗೆ ಇರುವುದೇನು? ಈಗಿನ ಚೀಲ 45 ಕಿಲೋ. ಅದರಲ್ಲಿ ನೂರಕ್ಕೆ 46 ಪಾಲು ಸಾರಜನಕ. ಅಂದರೆ ಹೆಚ್ಚುಕಡಿಮೆ 21 ಕಿಲೋ. ಉಳಿದದ್ದು ಇಂಗಾಲ, ಆಮ್ಲಜನಕ, ಜಲಜನಕ. ರೈತ ದುಡ್ಡು ಎಣಿಸಿ ಕೊಡುವುದು ಆ 21 ಕಿಲೋ ಸಾರಜನಕಕ್ಕೆ.

ಈಗ ಗಮನವಿಟ್ಟು ಕೇಳಿ. ಆ 21 ಕಿಲೋದಲ್ಲಿ ಸುಮಾರು 80 ಗ್ರಾಂ ಬೇರೆ ಬಗೆಯದು. ಕಣ್ಣಿಗೆ ಗೊತ್ತಾಗುವುದಿಲ್ಲ, ಮೂಗಿಗೂ ಗೊತ್ತಾಗುವುದಿಲ್ಲ. ಬೆಳೆಯ ಬೇರು ಎರಡನ್ನೂ ಭೇದವಿಲ್ಲದೆ ಹೀರಿಕೊಳ್ಳುತ್ತದೆ. ಅದನ್ನು ಕಾರ್ಖಾನೆಯವರು ಬೆರೆಸಿಲ್ಲ. ಗೊಬ್ಬರವನ್ನು ಗಾಳಿಯ ಸಾರಜನಕದಿಂದ ಮಾಡುತ್ತಾರೆ, ಗಾಳಿಯಲ್ಲೇ ಅದು ಆ ಪ್ರಮಾಣದಲ್ಲಿದೆ. ವ್ಯತ್ಯಾಸ ಒಂದೇ: ಆ 80 ಗ್ರಾಮಿನ ಪರಮಾಣುಗಳಲ್ಲಿ ಒಂದೊಂದು ಕಣ ಹೆಚ್ಚಿಗೆ ಇದೆ. ಆ ಒಂದು ಕಣದಿಂದ ಏನೇನು ತಿಳಿಯಿತು ಎಂಬುದು ಇವತ್ತಿನ ಮಾತು.

ಮೊದಲು ಪರಮಾಣುವಿನ ಒಳಗೆ ಇಣುಕಬೇಕು. ಎರಡೂವರೆ ಎಕರೆಯ ಒಂದು ದುಂಡನೆಯ ಹೊಲ ಎಂದುಕೊಳ್ಳಿ. ನಟ್ಟನಡುವೆ ಒಂದೇ ಒಂದು ಜೋಳದ ಕಾಳು ಬಿದ್ದಿದೆ. ಸಾರಜನಕದ ಪರಮಾಣುವನ್ನು ಆ ಹೊಲದಷ್ಟು ಹಿಗ್ಗಿಸಿದರೆ, ಅದರ ನಡುವಿನ ನ್ಯೂಕ್ಲಿಯಸ್ ಆ ಕಾಳಿನಷ್ಟಾಗುತ್ತದೆ. ಪರಮಾಣುವಿನ ತೂಕವೆಲ್ಲ ಹೆಚ್ಚುಕಡಿಮೆ ಆ ನಡುವಿನಲ್ಲೇ ಅಡಗಿದೆ. ಉಳಿದ ಅಷ್ಟೂ ಜಾಗದಲ್ಲಿ ಇರುವುದು ಏಳು ಎಲೆಕ್ಟ್ರಾನ್. ಎರಡು ಒಳಪದರದಲ್ಲಿ, ಐದು ಹೊರಪದರದಲ್ಲಿ. ಬೇರೆ ಪರಮಾಣುಗಳ ಜೊತೆ ಕೂಡುವುದು, ಬಿಡುವುದು ಎಲ್ಲವೂ ಹೊರಗಿನ ಆ ಐದರ ಕೆಲಸ. ಮೂರು ಜಲಜನಕದ ಜೊತೆ ಕೂಡಿದರೆ ಅಮೋನಿಯಾ. ತನ್ನಂಥದೇ ಇನ್ನೊಂದರ ಜೊತೆ ಮೂರು ಬಂಧ ಬಿಗಿದುಕೊಂಡರೆ ಗಾಳಿಯಲ್ಲಿರುವ ಸಾರಜನಕ. ನಾವು ಎಳೆದುಕೊಳ್ಳುವ ಉಸಿರಿನಲ್ಲಿ ನೂರಕ್ಕೆ 78 ಪಾಲು ಅದೇ. ಅದನ್ನು ಬಿಡಿಸುವುದು ಎಷ್ಟು ಕಷ್ಟವೆಂದರೆ, ಗಾಳಿಯ ತುಂಬ ಸಾರಜನಕವಿದ್ದೂ ಗೋವಿನಜೋಳ ಹಸಿದು ಹಳದಿಯಾಗುತ್ತದೆ.

ಈಗ ನ್ಯೂಕ್ಲಿಯಸ್ಸಿಗೆ ಬರೋಣ. ಅದರಲ್ಲಿ ಎರಡು ಬಗೆಯ ಕಣಗಳಿವೆ. ಪ್ರೋಟಾನ್‌ಗೆ ವಿದ್ಯುದಂಶವಿದೆ, ನ್ಯೂಟ್ರಾನ್‌ಗೆ ಇಲ್ಲ. ತೂಕದಲ್ಲಿ ಎರಡೂ ಹತ್ತಿರ ಹತ್ತಿರ ಒಂದೇ. ಪ್ರೋಟಾನ್ ಏಳಿದ್ದರೆ ಅದು ಸಾರಜನಕ. ಆರಾದರೆ ಇಂಗಾಲ, ಎಂಟಾದರೆ ಆಮ್ಲಜನಕ. ಅಲ್ಲಿ ರಿಯಾಯಿತಿ ಇಲ್ಲ. ನ್ಯೂಟ್ರಾನ್ ಮಾತ್ರ ಹೆಚ್ಚುಕಡಿಮೆ ಆಗಬಹುದು. ಏಳು ನ್ಯೂಟ್ರಾನ್ ಇದ್ದರೆ ಒಟ್ಟು ಹದಿನಾಲ್ಕು. ಅದು ಸಾರಜನಕ-14. ಎಂಟಿದ್ದರೆ ಸಾರಜನಕ-15. ಇಂಥವನ್ನು ಐಸೊಟೋಪ್ ಎನ್ನುತ್ತಾರೆ. ಗಾಳಿಯಲ್ಲಿ 14ರ ಸುಮಾರು 270 ಪರಮಾಣುಗಳಿಗೆ 15ರದು ಒಂದು ಸಿಗುತ್ತದೆ. ಇವೆರಡೂ ಸ್ಥಿರ, ತಾವಾಗಿ ಒಡೆಯುವುದಿಲ್ಲ. ಇನ್ನೂ ಹನ್ನೆರಡಕ್ಕೂ ಹೆಚ್ಚು ಬಗೆ ಉಂಟು. ಅವು ಹುಟ್ಟಿದ ಸ್ವಲ್ಪ ಹೊತ್ತಿಗೇ ಬೇರೆ ಧಾತುವಾಗಿಬಿಡುತ್ತವೆ.

ಇಲ್ಲಿಯವರೆಗೆ ಹೇಳಿದ್ದಿಷ್ಟು. ಪ್ರೋಟಾನ್ ಏಳು ಎಂಬುದು ಗಟ್ಟಿ. ನ್ಯೂಟ್ರಾನ್ ಏಳೋ ಎಂಟೋ. ನ್ಯೂಕ್ಲಿಯಸ್ಸಿನ ಹೊರಗಿನ ಎಲೆಕ್ಟ್ರಾನ್ ಎರಡಕ್ಕೂ ಏಳೇ. ಹಾಗಾಗಿ ಬೇರಿಗೂ ಎಲೆಗೂ ನಮ್ಮ ಮೈಗೂ ಭೇದ ಗೊತ್ತಾಗುವುದಿಲ್ಲ.

ನ್ಯೂಟ್ರಾನ್ ಎಂಬುದು ಇದೆ ಎಂದು ಗೊತ್ತಾಗುವ ಮೊದಲು ಇದೇ ಸಾರಜನಕ ವಿಜ್ಞಾನಿಗಳ ನಿದ್ದೆ ಕೆಡಿಸಿತ್ತು. ಆ ಕಥೆಯಲ್ಲಿ ಇಬ್ಬರು ಭಾರತೀಯರ ಕೆಲಸ ಸೇರಿದೆ. 1919ರಲ್ಲಿ ಅರ್ನೆಸ್ಟ್ ರದರ್‌ಫರ್ಡ್ ಸಾರಜನಕದ ಮೇಲೆ ಆಲ್ಫಾ ಎಂಬ ವೇಗದ ಕಣಗಳನ್ನು ಹಾಯಿಸಿದ ಪ್ರಯೋಗ ಪ್ರಕಟವಾಯಿತು. ಸಾರಜನಕದಿಂದ ಜಲಜನಕದ ನ್ಯೂಕ್ಲಿಯಸ್ ಸಿಡಿದು ಬಂತು. ಅದಕ್ಕೇ ಅವನು ಮುಂದೆ ಪ್ರೋಟಾನ್ ಎಂದು ಹೆಸರಿಟ್ಟ. ಅಲ್ಲಿಗೆ ಸಾರಜನಕದೊಳಗೆ ಪ್ರೋಟಾನ್ ಇದೆ ಎಂದು ಖಚಿತವಾಯಿತು. ಆದರೆ ಲೆಕ್ಕ ಕೂಡಲಿಲ್ಲ. ತೂಕ ಹದಿನಾಲ್ಕು, ವಿದ್ಯುದಂಶ ಏಳು. ಆಗಿನವರು ಒಂದು ಉಪಾಯ ಮಾಡಿದರು. ನ್ಯೂಕ್ಲಿಯಸ್ಸಿನಲ್ಲಿ ಹದಿನಾಲ್ಕು ಪ್ರೋಟಾನ್, ಜೊತೆಗೆ ಏಳು ಎಲೆಕ್ಟ್ರಾನ್ ಇವೆ ಎಂದರು. ಹದಿನಾಲ್ಕರಲ್ಲಿ ಏಳು ಕಳೆದು ವಿದ್ಯುದಂಶ ಏಳಾಯಿತು. ಕಣಗಳ ಒಟ್ಟು ಸಂಖ್ಯೆ ಇಪ್ಪತ್ತೊಂದು. ಬೆಸಸಂಖ್ಯೆ.

ಈ ಬೆಸವೇ ತೊಡಕಾಯಿತು. 1924ರಲ್ಲಿ ಢಾಕಾದಲ್ಲಿದ್ದ ಸತ್ಯೇಂದ್ರನಾಥ ಬೋಸ್ ಬೆಳಕಿನ ಕಣಗಳನ್ನು ಎಣಿಸುವ ಒಂದು ಹೊಸ ಕ್ರಮವನ್ನು ಮುಂದಿಟ್ಟರು. ಕ್ವಾಂಟಮ್ ಲೆಕ್ಕದ ಪ್ರಕಾರ, ಒಳಗಿನ ಕಣಗಳ ಸಂಖ್ಯೆ ಸಮವಾಗಿದ್ದರೆ ಆ ನ್ಯೂಕ್ಲಿಯಸ್ ಬೋಸರ ಕ್ರಮಕ್ಕೆ ಒಳಪಡುತ್ತದೆ. ಬೆಸವಾಗಿದ್ದರೆ ಒಳಪಡುವುದಿಲ್ಲ. ಇದನ್ನು ಪರೀಕ್ಷಿಸುವುದು ಹೇಗೆ? 1928ರ ಫೆಬ್ರವರಿಯಲ್ಲಿ ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ತಮ್ಮ ಹೆಸರಿನ ಪರಿಣಾಮವನ್ನು ಕಂಡುಹಿಡಿದರು: ವಸ್ತುವಿನಿಂದ ಚದುರಿದ ಬೆಳಕಿನ ಒಂದು ಸಣ್ಣ ಪಾಲು ಬಣ್ಣ ಬದಲಿಸುತ್ತದೆ. 1929ರಲ್ಲಿ ಇಟಲಿಯ ಫ್ರಾಂಕೊ ರಸೆಟ್ಟಿ ಅಮೆರಿಕದ ಪಸಾಡೆನಾದಲ್ಲಿದ್ದ. ಅವನು ರಾಮನ್ ಪರಿಣಾಮವನ್ನು ಸಾರಜನಕದ ಅನಿಲದ ಮೇಲೆ ಪ್ರಯೋಗಿಸಿದ. ಅನಿಲದಿಂದ ಚದುರಿದ ಬೆಳಕನ್ನು ಬಿಡಿಸಿದಾಗ ಗೆರೆಗಳ ಸಾಲು ಮೂಡಿತು. ಒಂದು ಗೆರೆ ಗಾಢ, ಮುಂದಿನದು ತೆಳು, ಮತ್ತೆ ಗಾಢ, ಮತ್ತೆ ತೆಳು. ಆ ಸರದಿಯನ್ನು ಓದಿದ ಹೈಟ್ಲರ್ ಮತ್ತು ಹರ್ಜ್‌ಬರ್ಗ್ ಎಂಬ ಇಬ್ಬರು ತರುಣರು ನ್ಯೂಕ್ಲಿಯಸ್ ಬೋಸರ ಕ್ರಮಕ್ಕೇ ಸೇರಿದ್ದು ಎಂದರು. ಅಂದರೆ ಸಮ. ಇಪ್ಪತ್ತೊಂದು ಹೇಗೆ ಸಮವಾದೀತು?

ಉತ್ತರ ಸಿಕ್ಕಿದ್ದು 1932ರಲ್ಲಿ. ಜೇಮ್ಸ್ ಚಾಡ್ವಿಕ್ ನ್ಯೂಟ್ರಾನ್ ಕಂಡುಹಿಡಿದ. ಏಳು ಪ್ರೋಟಾನ್, ಏಳು ನ್ಯೂಟ್ರಾನ್, ಒಟ್ಟು ಹದಿನಾಲ್ಕು, ಸಮಸಂಖ್ಯೆ. ಇನ್ನೊಂದು ಸ್ವಾರಸ್ಯವೂ ಇದೆ. ಸಾರಜನಕ-15 ಪತ್ತೆಯಾದದ್ದೂ 1929ರಲ್ಲೇ, ಷಿಕಾಗೋದಲ್ಲಿ. ಪತ್ತೆ ಮಾಡಿದವನು ದಕ್ಷಿಣ ಆಫ್ರಿಕಾದ ನೌಡೆ. ಭಾರದ ಸಾರಜನಕ ಕೈಗೆ ಸಿಕ್ಕಿ ಮೂರು ವರ್ಷವಾದ ಮೇಲೆ, ಅದನ್ನು ಭಾರ ಮಾಡಿದ ಕಣ ಯಾವುದೆಂದು ಗೊತ್ತಾಯಿತು.

ಕೇಳುಗರೇ, ಲೆಕ್ಕ ಕೂಡಿತು. ಎಂಟನೆಯ ನ್ಯೂಟ್ರಾನ್ ಇರುವುದು ಸಾರಜನಕ-15 ಎಂದು ತಿಳಿಯಿತು. ಇನ್ನು ಅದನ್ನು ಹೊಲಕ್ಕೆ ತರೋಣ.

ರೈತ ಯೂರಿಯಾ ಎರಚುತ್ತಾನೆ. ಬೆಳೆ ಬರುತ್ತದೆ. ತೆನೆಯಲ್ಲಿ ಸಾರಜನಕ ಇದೆ. ಆದರೆ ಆ ಸಾರಜನಕ ಚೀಲದಿಂದ ಬಂದದ್ದೋ, ಮಣ್ಣಿನಲ್ಲಿ ಮೊದಲೇ ಇದ್ದದ್ದೋ? ತೂಗಿ ನೋಡಿದರೆ ಗೊತ್ತಾಗುವುದಿಲ್ಲ, ಎರಡೂ ಸಾರಜನಕವೇ. ಇಲ್ಲಿ ಭಾರದ ಸಾರಜನಕ ಗುರುತಿನ ಕೆಲಸ ಮಾಡುತ್ತದೆ. ಸಾರಜನಕ-15 ನೂರಕ್ಕೆ ಐದೋ ಹತ್ತೋ ಪಾಲು ಇರುವ ಹಾಗೆ ವಿಶೇಷ ಯೂರಿಯಾ ತಯಾರಿಸುತ್ತಾರೆ. ಅದು ಬಹಳ ದುಬಾರಿ. ಹಾಗಾಗಿ ಒಂದೆರಡು ಚದರ ಮೀಟರಿನ ಸಣ್ಣ ಮಡಿಗೆ ಮಾತ್ರ ಹಾಕುತ್ತಾರೆ. ಬೆಳೆ ಬಂದ ಮೇಲೆ ಕಾಳು, ದಂಟು, ಬೇರು, ಮಣ್ಣು ಎಲ್ಲವನ್ನೂ ಒಣಗಿಸಿ, ಪುಡಿ ಮಾಡಿ, ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರಕ್ಕೆ ಕೊಡುತ್ತಾರೆ. ಯಂತ್ರದೊಳಗೆ ಅಯಸ್ಕಾಂತವಿದೆ. ವಿದ್ಯುದಂಶ ಹೊತ್ತ ಕಣಗಳು ಅದರ ಬಳಿ ಹಾಯುವಾಗ ಹಗುರದವು ಹೆಚ್ಚು ಬಾಗುತ್ತವೆ, ಭಾರದವು ಕಡಿಮೆ ಬಾಗುತ್ತವೆ. ಎರಡು ಕಡೆ ಎಷ್ಟೆಷ್ಟು ಬಿದ್ದವು ಎಂದು ಎಣಿಸಿದರೆ ಆಯಿತು. ನಮ್ಮ ದೇಶದಲ್ಲಿ ಇಂಥ ಕೆಲಸಕ್ಕೆಂದು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಪ್ರತ್ಯೇಕ ಪ್ರಯೋಗಾಲಯ ಶುರುವಾಯಿತು.

ಎಣಿಕೆ ಹೇಳುವುದೇನು? ಹಾಕಿದ ಸಾರಜನಕದಲ್ಲಿ ಏಕದಳ ಬೆಳೆಗಳು ಎತ್ತಿಕೊಳ್ಳುವುದು ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲಿನಿಂದ ಅರ್ಧದವರೆಗೆ. ಉಳಿದದ್ದರಲ್ಲಿ ಸ್ವಲ್ಪ ಮಣ್ಣಿನಲ್ಲೇ ಕೂಡುತ್ತದೆ. ಸ್ವಲ್ಪ ನೀರಿನ ಜೊತೆ ಕೆಳಗಿಳಿಯುತ್ತದೆ. ನೀರು ನಿಂತ ಕಡೆ ಸೂಕ್ಷ್ಮಜೀವಿಗಳು ಅದನ್ನು ಮತ್ತೆ ಗಾಳಿಗೆ ಬಿಡುತ್ತವೆ. ಇನ್ನೊಂದು ದಾರಿ ಈ ಸೀಮೆಯ ಎರೆಹೊಲದವರಿಗೆ ಮುಖ್ಯ. ಎರೆಮಣ್ಣಿನಲ್ಲಿ ಸುಣ್ಣದಂಶ ಹೆಚ್ಚು, ಕ್ಷಾರಗುಣ ಹೆಚ್ಚು. ಅಂಥ ನೆಲದ ಮೇಲೆ ಯೂರಿಯಾ ಚೆಲ್ಲಿ ಹಾಗೇ ಬಿಟ್ಟರೆ ಅದು ಅಮೋನಿಯಾ ಆಗಿ ಹಾರಿಹೋಗುತ್ತದೆ. ಗೊಬ್ಬರ ಹಾಕಿದ ಕೂಡಲೇ ಎಡೆ ಹೊಡೆದು ಮಣ್ಣು ಮುಚ್ಚಬೇಕು ಎಂದು ಹಿರಿಯರೂ ಕೃಷಿ ಅಧಿಕಾರಿಗಳೂ ಹೇಳುವುದು ಇದಕ್ಕೇ. 2015ರಿಂದ ಯೂರಿಯಾಕ್ಕೆಲ್ಲ ಬೇವಿನೆಣ್ಣೆ ಲೇಪ ಕಡ್ಡಾಯವಾದದ್ದಕ್ಕೆ ಒಂದು ಕಾರಣ, ನೀರಿನ ಜೊತೆ ಇಳಿಯುವ ಮತ್ತು ಸೂಕ್ಷ್ಮಜೀವಿಗಳು ಗಾಳಿಗೆ ಬಿಡುವ ಸಾರಜನಕದ ಸೋರಿಕೆಯನ್ನು ತಗ್ಗಿಸುವುದು. ಆ ಲೇಪ ಅಮೋನಿಯಾ ನೈಟ್ರೇಟ್ ಆಗುವ ವೇಗವನ್ನು ತಗ್ಗಿಸುತ್ತದೆ.

ಇನ್ನೊಂದು ಸಂಗತಿ ಹೊರಬಿತ್ತು. ಕಾಟಾ ತಕ್ಕಡಿ ಯಾವ ಕಾಲಕ್ಕೂ ಹೇಳಲಾರದ ಸಂಗತಿ ಅದು. ಚೆನ್ನಾಗಿ ಗೊಬ್ಬರ ಹಾಕಿದ ಹೊಲದಲ್ಲೂ ಬೆಳೆಯ ಮೈಯಲ್ಲಿರುವ ಸಾರಜನಕದ ಅರ್ಧ, ಎಷ್ಟೋ ಸಲ ಅರ್ಧಕ್ಕಿಂತ ಹೆಚ್ಚು, ಮಣ್ಣಿನದೇ. ತಿಪ್ಪೆಗೊಬ್ಬರ, ಕೊಳೆತ ರವದಿ, ಹಿಂದಿನ ವರ್ಷದ ಶೇಂಗಾ ಬೇರು ಕೂಡಿಟ್ಟ ಗಂಟು ಅದು. ಚೀಲದ ಲೆಕ್ಕ ಎಲ್ಲರಿಗೂ ಗೊತ್ತು. ಆ ಗಂಟಿನ ಲೆಕ್ಕ ಕೇಳುವವರು ಕಡಿಮೆ.

ತಿಪ್ಪೆಯ ಮಾತು ಬಂತು. ತಿಪ್ಪೆಗೆ ತನ್ನದೇ ಒಂದು ಗುರುತಿದೆ. ಸಗಣಿ, ಗಂಜಲ ಕೊಳೆಯುವಾಗ ಅಮೋನಿಯಾ ಹಾರುತ್ತದೆ. ಕೊಟ್ಟಿಗೆಯ ಘಾಟು ಅದೇ. ಹಾರುವಾಗ ಹಗುರದ ಸಾರಜನಕ-14 ಒಂಚೂರು ಸಲೀಸಾಗಿ ಹೋಗುತ್ತದೆ. ಭಾರದ ಸಾರಜನಕ-15 ಒಂಚೂರು ಹಿಂದುಳಿಯುತ್ತದೆ. ವ್ಯತ್ಯಾಸ ಸಾವಿರಕ್ಕೆ ಹತ್ತಿಪ್ಪತ್ತು ಪಾಲಿನಷ್ಟು ಸಣ್ಣದು. ಯಂತ್ರಕ್ಕೆ ಅಷ್ಟು ಸಾಕು. ಯೂರಿಯಾದಲ್ಲಿ ಗಾಳಿಯ ಪ್ರಮಾಣವೇ ಇರುತ್ತದೆ, ತಿಪ್ಪೆಯಲ್ಲಿ ಸಾರಜನಕ-15 ಅದಕ್ಕಿಂತ ಹೆಚ್ಚು. ಕೊಳವೆಬಾವಿಯ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ ಎಂಬುದು ನಮ್ಮ ದೇಶದ ಮಾನದಂಡ. ದಾಟಿತು ಎಂದುಕೊಳ್ಳಿ. ಅದು ಹೊಲದ ಯೂರಿಯಾದಿಂದ ಇಳಿದದ್ದೋ, ಊರೊಳಗಿನ ತಿಪ್ಪೆ ಮತ್ತು ಪಾಯಖಾನೆಯ ಗುಂಡಿಯಿಂದ ಬಸಿದದ್ದೋ ಎಂದು ಪತ್ತೆಹಚ್ಚಲು ಈ ಗುರುತು ನೆರವಾಗುತ್ತದೆ.

ಸ್ಥಿರವಾದ ಎರಡರ ಕೆಲಸ ಕೇಳಿದ್ದಾಯಿತು. ಇನ್ನು ನಿಲ್ಲದವುಗಳ ಸರದಿ. ಎರಡನ್ನು ಮಾತ್ರ ಹೇಳಿ ಮುಂದೆ ಹೋಗೋಣ.

ಒಂದು ಸಾರಜನಕ-13. ಏಳು ಪ್ರೋಟಾನ್, ಆರೇ ನ್ಯೂಟ್ರಾನ್. 1934ರಲ್ಲಿ ಐರೀನ್ ಮತ್ತು ಫ್ರೆಡರಿಕ್ ಜೋಲಿಯೊ ಕ್ಯೂರಿ ದಂಪತಿ ಬೋರಾನ್‌ನಿಂದ ಇದನ್ನು ಕೈಯಾರೆ ತಯಾರಿಸಿದರು. ಮನುಷ್ಯ ಮಾಡಿದ ಮೊದಮೊದಲ ವಿಕಿರಣಶೀಲ ಐಸೊಟೋಪುಗಳಲ್ಲಿ ಇದೊಂದು. ಇದರ ಅರ್ಧಾಯು ಹತ್ತು ನಿಮಿಷ. ಅಂದರೆ ಪ್ರತಿ ಹತ್ತು ನಿಮಿಷಕ್ಕೆ ಇದ್ದದ್ದು ಅರ್ಧವಾಗುತ್ತದೆ. ಇದರಿಂದ ಮಾಡಿದ ಅಮೋನಿಯಾವನ್ನು ರಕ್ತಕ್ಕೆ ಸೇರಿಸಿ, ಹೃದಯದ ಸ್ನಾಯುವಿಗೆ ರಕ್ತ ಹರಿಯುತ್ತಿದೆಯೇ ಎಂದು ನೋಡುತ್ತಾರೆ. ತಯಾರಿಸುವ ಯಂತ್ರ ಆಸ್ಪತ್ರೆಯ ಪಕ್ಕದಲ್ಲೇ ಇರಬೇಕು. ಹತ್ತಿಮತ್ತೂರಿನಲ್ಲಿ ಬಸ್ಸಿಗೆ ಹಾಕಿದರೆ ಅರ್ಧ ಗಂಟೆಯಲ್ಲಿ ಎಂಟರಲ್ಲಿ ಒಂದೇ ಪಾಲು ಉಳಿದಿರುತ್ತದೆ. ಇದೇ ಸಾರಜನಕ-13 ಗುಡುಗಿನ ಮೋಡದಲ್ಲೂ ಹುಟ್ಟುತ್ತದೆ ಎಂದು ಜಪಾನಿನವರು 2017ರಲ್ಲಿ ತೋರಿಸಿದರು. ಮಿಂಚಿನ ಗಾಮಾ ಕಿರಣ ಗಾಳಿಯ ಸಾರಜನಕದಿಂದ ಒಂದು ನ್ಯೂಟ್ರಾನನ್ನು ಕಿತ್ತೊಗೆಯುತ್ತದೆ.

ಇನ್ನೊಂದು ಸಾರಜನಕ-16. ಒಂಬತ್ತು ನ್ಯೂಟ್ರಾನ್. ಇದರ ಅರ್ಧಾಯು ಏಳು ಸೆಕೆಂಡು. ಇದು ಇರುವ ಜಾಗ ನಮಗೆ ದೂರವಲ್ಲ. ಪಕ್ಕದ ಉತ್ತರ ಕನ್ನಡ ಜಿಲ್ಲೆಯ ಕೈಗಾ ಅಣುವಿದ್ಯುತ್ ಕೇಂದ್ರದಲ್ಲಿ ನಾಲ್ಕು ಘಟಕಗಳಿವೆ. ಅಲ್ಲಿ ಶಾಖ ಒಯ್ಯುವುದು ಭಾರಜಲ, ಅಂದರೆ ಭಾರದ ಜಲಜನಕವಿರುವ ನೀರು. ನೀರಿನಲ್ಲಿರುವ ಆಮ್ಲಜನಕಕ್ಕೆ ವೇಗದ ನ್ಯೂಟ್ರಾನ್ ಬಡಿದರೆ ಒಂದು ಪ್ರೋಟಾನ್ ಹೊರಬಿದ್ದು ಅದು ಸಾರಜನಕ-16 ಆಗುತ್ತದೆ. ಏಳೆಂಟು ಸೆಕೆಂಡಿನಲ್ಲಿ ತೀಕ್ಷ್ಣವಾದ ಗಾಮಾ ಕಿರಣ ಬಿಟ್ಟು ಮತ್ತೆ ಆಮ್ಲಜನಕ. ರಿಯಾಕ್ಟರ್ ಓಡುತ್ತಿರುವಾಗ ಆ ಕೊಳವೆಗಳ ಬಳಿ ಯಾರನ್ನೂ ಬಿಡದಿರಲು ಇದು ಒಂದು ಕಾರಣ. ರಿಯಾಕ್ಟರ್ ನಿಲ್ಲಿಸಿದರೆ ಎಪ್ಪತ್ತು ಸೆಕೆಂಡಿನಲ್ಲಿ ಇದು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ನ್ಯೂಟ್ರಾನ್ ಬಡಿದು ಒಂದು ಧಾತು ಇನ್ನೊಂದಾಗುವುದನ್ನು ಈಗಷ್ಟೇ ಕೇಳಿದಿರಿ. ಇದೇ ಕೆಲಸ ನಮ್ಮ ತಲೆಯ ಮೇಲೆ, ಆಕಾಶದಲ್ಲಿ, ಹಗಲಿರುಳು ನಡೆಯುತ್ತಿದೆ. ಅದರಿಂದ ಹಾವೇರಿ ಜಿಲ್ಲೆಯ ಇತಿಹಾಸದ ಲೆಕ್ಕವೇ ಬದಲಾಯಿತು.

ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ಗಾಳಿಗೆ ಬಡಿದಾಗ ನ್ಯೂಟ್ರಾನ್‌ಗಳು ಸಿಡಿಯುತ್ತವೆ. ಒಂದು ನ್ಯೂಟ್ರಾನ್ ಸಾರಜನಕ-14ರ ಒಳಹೊಕ್ಕು ಒಂದು ಪ್ರೋಟಾನನ್ನು ಹೊರತಳ್ಳುತ್ತದೆ. ಉಳಿದದ್ದು ಆರು ಪ್ರೋಟಾನ್, ಎಂಟು ನ್ಯೂಟ್ರಾನ್. ಆರು ಪ್ರೋಟಾನ್ ಎಂದರೆ ಇಂಗಾಲ. ಇದು ಇಂಗಾಲ-14. ಗಾಳಿಯಿಂದ ಗಿಡಕ್ಕೆ, ಗಿಡದಿಂದ ದನಕ್ಕೆ, ಮನುಷ್ಯನಿಗೆ ಇದು ಸೇರುತ್ತದೆ. ಜೀವ ಹೋದ ಮೇಲೆ ಹೊಸದು ಸೇರುವುದಿಲ್ಲ. ಇದ್ದದ್ದು ಕರಗುತ್ತದೆ. ಒಂದು ನ್ಯೂಟ್ರಾನ್ ಎಲೆಕ್ಟ್ರಾನನ್ನು ಉಗುಳಿ ತಾನು ಪ್ರೋಟಾನ್ ಆಗುತ್ತದೆ. ಮತ್ತೆ ಏಳು ಪ್ರೋಟಾನ್, ಏಳು ನ್ಯೂಟ್ರಾನ್. ಮತ್ತೆ ಸಾರಜನಕ-14. ಇದ್ದದ್ದು ಹೀಗೆ ಅರ್ಧವಾಗಲು ಸುಮಾರು 5,730 ವರ್ಷ ಬೇಕು.

ಈಗ ಆಗಿನ ಹಿರೇಕೆರೂರು ತಾಲ್ಲೂಕಿನ ಹಳ್ಳೂರಿಗೆ ಬನ್ನಿ. ತುಂಗಭದ್ರೆಯ ದಂಡೆಯ ಊರು. 1965ರಲ್ಲಿ ಎಂ. ಎಸ್. ನಾಗರಾಜರಾವ್ ಅಲ್ಲಿ ಉತ್ಖನನ ಮಾಡಿದರು. ಕೆಳಗಿನ ಪದರಗಳಲ್ಲಿ ನವಶಿಲಾಯುಗದವರ ನೆಲೆ. ಅದರ ಮೇಲೆ ಕಬ್ಬಿಣದ ಬಾಣದ ಮೊನೆಗಳು. ಜೊತೆಗೆ ಇದ್ದಿಲು. ಪ್ರಶ್ನೆ ಇಷ್ಟೇ: ಆ ಕಬ್ಬಿಣ ಎಷ್ಟು ಹಳೆಯದು? ಅದಕ್ಕೆ ಮೊದಲು 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆದ ಮಾರ್ಟಿಮರ್ ವೀಲರ್, ದಕ್ಷಿಣದ ಕಬ್ಬಿಣಯುಗದ ಬೃಹತ್‌ಶಿಲಾ ಸಂಸ್ಕೃತಿಯನ್ನು ಕ್ರಿಸ್ತಪೂರ್ವ 200ರ ಸುಮಾರಿಗೆ ಇಟ್ಟಿದ್ದರು. ಬಹಳ ಜನ ಅದನ್ನೇ ನಂಬಿದ್ದರು.

ಹಳ್ಳೂರಿನ ಇದ್ದಿಲು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಹೋಯಿತು. ಇಂಥ ಪ್ರಯೋಗಾಲಯದಲ್ಲಿ ಇದ್ದಿಲನ್ನು ಅನಿಲವಾಗಿ ಮಾರ್ಪಡಿಸಿ, ಇಂಗಾಲ-14 ಸಾರಜನಕವಾಗುವ ಒಂದೊಂದು ಗಳಿಗೆಯನ್ನೂ ಎಣಿಸುತ್ತಾರೆ. ಈಗಷ್ಟೇ ಕಡಿದ ಮರದ ಒಂದು ಗ್ರಾಂ ಇಂಗಾಲದಲ್ಲಿ ಅದು ನಿಮಿಷಕ್ಕೆ ಸುಮಾರು ಹದಿನಾಲ್ಕು ಸಲ ನಡೆಯುತ್ತದೆ. ಮೂರು ಸಾವಿರ ವರ್ಷದ ಇದ್ದಿಲಿನಲ್ಲಿ ಸುಮಾರು ಹತ್ತು ಸಲ. ಹತ್ತರಲ್ಲಿ ಮೂರು ಪಾಲು ಇಂಗಾಲ-14 ಅಷ್ಟರೊಳಗೆ ಸಾರಜನಕವಾಗಿ ಹೋಗಿರುತ್ತದೆ. ಹಳ್ಳೂರಿನ ಕಬ್ಬಿಣದ ಪದರಕ್ಕೆ ಬಂದ ಕಾಲ ಕ್ರಿಸ್ತಪೂರ್ವ 1000ದ ಆಸುಪಾಸು. ಒಂದೇ ಏಟಿಗೆ ದಕ್ಷಿಣದ ಕಬ್ಬಿಣ ಎಂಟುನೂರು ವರ್ಷ ಹಿಂದಕ್ಕೆ ಸರಿಯಿತು. ನಾಗರಾಜರಾವ್ ಅವರ ವರದಿ 1971ರಲ್ಲಿ ಧಾರವಾಡದಿಂದ ಅಚ್ಚಾಗಿ ಬಂತು.

ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಹಳ್ಳೂರಿನ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬಂದ ಸುಟ್ಟ ಕಾಳುಗಳನ್ನು ಆಯ್ದರು. ದಕ್ಷಿಣದ ನವಶಿಲಾಯುಗದ ನೆಲೆಗಳಲ್ಲಿ ಮತ್ತೆ ಮತ್ತೆ ಸಿಕ್ಕ ಬೆಳೆಗಳು ಹುರುಳಿ, ಹೆಸರು, ಕೊರಲೆ. ಮೂರೂ ಇಂದಿಗೂ ಈ ರಾಜ್ಯದ ಹೊಲಗಳಲ್ಲಿವೆ. ಈಗಿನ ಯಂತ್ರಗಳು ಇಂಗಾಲ-14 ಒಡೆಯುವವರೆಗೆ ಕಾಯುವುದಿಲ್ಲ. ಪರಮಾಣುಗಳನ್ನೇ ನೇರವಾಗಿ ಎಣಿಸುತ್ತವೆ. ಹಾಗಾಗಿ ಒಂದು ಕಾಳು ಸಾಕು.

ಆ ಒಂದು ಕಾಳಿನಲ್ಲಿ ಸಾರಜನಕವೂ ಉಳಿದಿರುತ್ತದೆ. ಹುರುಳಿ, ಹೆಸರು ಗಾಳಿಯ ಸಾರಜನಕವನ್ನೇ ಬೇರುಗಂಟಿನಲ್ಲಿ ಹಿಡಿಯುತ್ತವೆ. ಆದ್ದರಿಂದ ಅವುಗಳಲ್ಲಿ ಎರಡು ಐಸೊಟೋಪುಗಳ ಪ್ರಮಾಣ ಗಾಳಿಗೆ ಹತ್ತಿರ. ಕೊರಲೆಗೆ ಆ ಶಕ್ತಿ ಇಲ್ಲ, ಅದು ಮಣ್ಣಿನದನ್ನೇ ಉಣ್ಣಬೇಕು. ಹೊಲಕ್ಕೆ ತಿಪ್ಪೆಗೊಬ್ಬರ ಬಿದ್ದಿದ್ದರೆ ಇಂಥ ಕಾಳಿನಲ್ಲಿ ಸಾರಜನಕ-15 ಹೆಚ್ಚುತ್ತದೆ. ಯುರೋಪಿನ ನವಶಿಲಾಯುಗದ ಗೋಧಿ, ಜವೆಗೋಧಿಗಳನ್ನು ಹೀಗೆ ಅಳೆದು, ಅಲ್ಲಿನವರು ಎಂಟು ಸಾವಿರ ವರ್ಷದ ಹಿಂದೆಯೇ ಗೊಬ್ಬರ ಹಾಕುತ್ತಿದ್ದರು ಎಂದು ಸಂಶೋಧಕರು 2013ರಲ್ಲಿ ಹೇಳಿದರು. ನಮ್ಮ ಕಡೆಯ ನವಶಿಲಾಯುಗದವರು ಸಗಣಿಯ ರಾಶಿಗಳನ್ನು ಸುಟ್ಟು ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಬೂದಿದಿಬ್ಬಗಳನ್ನೇ ಎಬ್ಬಿಸಿದರು. ದನದ ಹಿಂಡು ಸಾಕಿದ ಆ ಜನ ಸಗಣಿಯಲ್ಲಿ ಎಷ್ಟನ್ನು ಬೆಂಕಿಗೆ ಹಾಕಿದರು, ಎಷ್ಟನ್ನು ಹೊಲಕ್ಕೆ ಹೊತ್ತರು ಎಂಬುದನ್ನು ಕೇಳಬೇಕಾದದ್ದು ಸುಟ್ಟ ಕೊರಲೆ ಕಾಳನ್ನೇ.